ಬುಡ ಬಿಡಿಸಿ ನೋಡುವವರೆಗೆ

ಆ ಗಿಡಕ್ಕೆ ಯಾವ ರೋಗವೂ ಇರಲಿಲ್ಲ. ಅದನ್ನು ಹಾಳು ಮಾಡಿದವಳು ನಾನೇ.

ನರ್ಸರಿಯಿಂದ ತಂದ ಮೂರನೆಯ ದಿನ ಅತ್ತೆ ಬಾಲ್ಕನಿಗೆ ಬಂದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ನೋಡಿ, “ಇದಕ್ಕೆ ಬೂದಿರೋಗ ಹಿಡಿದಿದೆಯಲ್ಲೇ, ನೋಡಿ ತರಬಾರದಿತ್ತೇ?” ಎಂದರು. ಎಚೆವೇರಿಯಾ ಎಂಬ ಆ ದಪ್ಪೆಲೆ ಗಿಡದ ನೀಲಿಹಸಿರು ಎಲೆಗಳ ಮೇಲೆ ನಿಜಕ್ಕೂ ತೆಳುವಾಗಿ ಬೂದಿ ಕೂತಿತ್ತು. ನಾನು ಒದ್ದೆ ಬಟ್ಟೆ ತೆಗೆದುಕೊಂಡು, ಹಬ್ಬದ ಹಿಂದಿನ ದಿನ ದೇವರ ಪಾತ್ರೆ ಬೆಳಗುವ ಶ್ರದ್ಧೆಯಲ್ಲಿ, ಒಂದೊಂದೇ ಎಲೆಯನ್ನು ಹಿಡಿದು ಒರೆಸಿದೆ. ಗಿಡ ಎಣ್ಣೆ ಹಚ್ಚಿದ ಹಾಗೆ ಹಸಿರಾಗಿ ಹೊಳೆಯಿತು. ಅತ್ತೆಗೂ ಸಮಾಧಾನವಾಯಿತು. ಹತ್ತು ದಿನಗಳ ನಂತರ ಅದೇ ಎಲೆಗಳ ಮೇಲೆ ಬಿಸಿಲಿಗೆ ಸುಟ್ಟ ಕಂದು ಕಲೆಗಳು ಎದ್ದವು.

ಆ ಬೂದಿ ಗಿಡ ತಾನೇ ತಯಾರಿಸಿಕೊಳ್ಳುವ ಮೇಣ, ಬಿಸಿಲಿಗೆ ಅದೇ ಅದರ ಕೊಡೆ, ನೀರಿಗೆ ಅದೇ ಅದರ ಕಂಬಳಿ ಎನ್ನುವುದು ಆಮೇಲೆ ತಿಳಿಯಿತು. ಬೂದುಗುಂಬಳದ ಮೈಮೇಲಿನ ಬೂದಿಯನ್ನು ನಮ್ಮಲ್ಲಿ ಯಾರೂ ರೋಗ ಎನ್ನುವುದಿಲ್ಲ. ಕಾಯಿ ಬಲಿತಿದೆ ಎನ್ನಲು ಅದೇ ಗುರುತು. ಎಲೆಯ ಮೇಲೆ ಕಂಡಾಗ ಮಾತ್ರ ನಮಗೆ ಆ ವಿವೇಕ ಹೊಳೆಯಲಿಲ್ಲ. ಒರೆಸಿದ ಎಲೆಗೆ ಆ ಮೇಣ ಮತ್ತೆ ಮೊದಲಿನಂತೆ ಬರುವುದಿಲ್ಲ. ನಡುವಿನಿಂದ ಹೊಸದಾಗಿ ಬಿಚ್ಚಿಕೊಳ್ಳುವ ಎಲೆಗಳು ಮಾತ್ರ ತಮ್ಮ ಪಾಲಿನ ಬೂದಿಯನ್ನು ಹೊತ್ತುಕೊಂಡು ಬರುತ್ತವೆ. ನನ್ನ ಹೆಬ್ಬೆರಳಿನ ಗುರುತು ಬಹಳ ತಿಂಗಳು ಆ ಗಿಡದ ಮೇಲೆ ಉಳಿದಿತ್ತು.

ನಮ್ಮದು ಚಿಕ್ಕಮಗಳೂರಿನ ಬಸವನಹಳ್ಳಿಯಲ್ಲಿ ಮಹಡಿಯ ಬಾಡಿಗೆ ಮನೆ. ಬಾಲ್ಕನಿ ಪಶ್ಚಿಮಕ್ಕೆ. ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲು ನೇರ ಒಳಗೆ ಬರುತ್ತದೆ, ಮಳೆಗಾಲದಲ್ಲಿ ಎರಚಲೂ ಅಷ್ಟೇ ನೇರವಾಗಿ ಬರುತ್ತದೆ. ನಾನು ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುವವಳು. ಅತ್ತೆ ಹುಟ್ಟಿ ಬೆಳೆದದ್ದು ಕೊಪ್ಪದ ಕಡೆ. ಅವರ ಲೆಕ್ಕದಲ್ಲಿ ಗಿಡ ಎಂದರೆ ಡೇರೆ, ಸೀತಾಳೆ, ಆಂಥೂರಿಯಂ. ನೆಂಟರ ಮನೆಯಿಂದ ಗೆಲ್ಲು ಮುರಿದು ತಂದು ಆಷಾಢದ ಮಳೆಯಲ್ಲಿ ಚುಚ್ಚಿದರೆ ಸಾಕು, ಬದುಕಿಕೊಳ್ಳುತ್ತದೆ. ಮಲೆನಾಡಿನವರ ಕೈ ನೀರು ಹಾಕುವ ಕೈ. ದಪ್ಪೆಲೆಯ ಸಕ್ಯುಲೆಂಟ್‌ಗಳಿಗೆ ಬೇಕಾದದ್ದು ನೀರು ಹಾಕದೆ ಇರಬಲ್ಲ ಕೈ. ಈ ಎರಡರ ನಡುವೆ ನನ್ನ ಇಪ್ಪತ್ತಾರು ಕುಂಡಗಳು ಸಿಕ್ಕಿಕೊಂಡಿದ್ದವು.

ನಿಜವಾದ ಕಾಯಿಲೆ ಬಂದದ್ದು ಫೆಬ್ರುವರಿ ಕೊನೆಯಲ್ಲಿ, ತೋಟದವರೆಲ್ಲ ಕಾಫಿಯ ಹೂ ಅರಳಿಸುವ ಹೂಮಳೆಗೆ ಆಕಾಶ ನೋಡುವ ಹೊತ್ತಿಗೆ. ಜೇಡ್ ಗಿಡದ ಎಲೆ ಕಾಂಡಕ್ಕೆ ಸೇರುವ ಸಂದಿನಲ್ಲಿ ರಾಗಿಕಾಳಿನಷ್ಟು ಹತ್ತಿ ಕಂಡಿತು. ಒಮ್ಮೆ ಪೆಟ್ಟು ತಿಂದಿದ್ದೆನಲ್ಲ, ಇದೂ ಗಿಡದ್ದೇ ಮೇಣವಿರಬೇಕು, ಮುಟ್ಟುವುದು ಬೇಡ ಎಂದು ಸುಮ್ಮನಿದ್ದೆ. ಮೊದಲ ಸಲ ಮುಟ್ಟಬಾರದ್ದನ್ನು ಮುಟ್ಟಿದೆ, ಎರಡನೆಯ ಸಲ ಮುಟ್ಟಬೇಕಾದ್ದನ್ನು ಬಿಟ್ಟೆ. ಎರಡು ವಾರದಲ್ಲಿ ಹತ್ತಿ ಹತ್ತಾರು ಸಂದುಗಳಿಗೆ ಹರಡಿತು. ಕುಂಡದ ಕೆಳಗಿನ ನೆಲ ಅಂಟಂಟಾಯಿತು, ಎಲೆಗಳ ಮೇಲೆ ಮಸಿಯಂತಹ ಕಪ್ಪು ಬೂಷ್ಟು ಕೂತಿತು. ಗೋಡೆಯ ಬಿರುಕಿನಿಂದ ಕುಂಡದವರೆಗೆ ಸಣ್ಣ ಕಪ್ಪು ಇರುವೆಗಳ ಸಾಲು. ಇರುವೆಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಬಾಲ್ಕನಿ ಎಂದಮೇಲೆ ಇರುವೆ ಇದ್ದೇ ಇರುತ್ತದೆ ಅಂದುಕೊಂಡೆ.

ಕೆಳಗಿನ ಮನೆಯ ಹಿರಿಯರು ಗಡಿಯಾರ ರಿಪೇರಿ ಮಾಡುವವರು. ಅವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಕೇಳಲು ಹೋದೆ. “ಗಿಡಕ್ಕೂ ಸರ್ವೀಸ್ ಮಾಡುತ್ತೀರೇನಮ್ಮಾ?” ಎಂದು ನಗುತ್ತ ಕೊಟ್ಟರು, ಜೊತೆಗೆ ಒಂದು ಚಿಮುಟವನ್ನೂ ಕೊಟ್ಟರು. ಇವತ್ತಿಗೂ ಅವೆರಡನ್ನೂ ಹಿಂತಿರುಗಿಸಿಲ್ಲ.

ಭೂತಗನ್ನಡಿಯಲ್ಲಿ ಹತ್ತಿ ಹತ್ತಿಯಾಗಿ ಉಳಿಯಲಿಲ್ಲ. ಕೊಬ್ಬರಿ ತುರಿಯಲ್ಲಿ ಹೊರಳಿಸಿದ ಉಂಡೆಯ ಹಾಗೆ ಒಂದು ಪ್ರಾಣಿ ಕೂತಿತ್ತು. ಚಪ್ಪಟೆಯಾದ ಮೊಟ್ಟೆಯಾಕಾರದ ಮೈ, ಮೈಮೇಲೆ ಅಡ್ಡಡ್ಡ ಮಡಿಕೆ, ಸುತ್ತಲೂ ಬಿಳಿ ಎಳೆಗಳ ಅಂಚು, ಹಿಂಭಾಗದ ಎಳೆಗಳು ಮಾತ್ರ ತುಸು ಉದ್ದ. ಚಿಮುಟದಿಂದ ತಿರುವಿ ಹಾಕಿದರೆ ಆರು ಕಾಲುಗಳು ಬಹಳ ನಿಧಾನವಾಗಿ ಆಡಿದವು. ಪಕ್ಕದಲ್ಲಿದ್ದ ಹತ್ತಿಯ ಮುದ್ದೆಯನ್ನು ಬಿಡಿಸಿದಾಗ ಒಳಗೆ ತಿಳಿಹಳದಿ ಮೊಟ್ಟೆಗಳು, ಗಸಗಸೆಗಿಂತ ಸಣ್ಣವು, ಒತ್ತೊತ್ತಾಗಿ ತುಂಬಿದ್ದವು. ಹಿಟ್ಟು ತಿಗಣೆ. ಕ್ಯೂರಿಂಗ್‌ಗೆ ಬರುವ ಬೆಳೆಗಾರರ ಬಾಯಲ್ಲಿ ವರ್ಷಕ್ಕೆ ನೂರು ಸಲ ಕೇಳಿದ ಹೆಸರು. ಅದರ ಮುಖ ನೋಡಿದ್ದು ಅಂದೇ ಮೊದಲು.

ಔಷಧಿ ಅಂಗಡಿಯಿಂದ ಶೇಕಡಾ 70ರ ಐಸೊಪ್ರೊಪೈಲ್ ಸ್ಪಿರಿಟ್ ತಂದೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅದರಲ್ಲಿ ಅದ್ದಿ ಒಂದೊಂದಕ್ಕೇ ಮುಟ್ಟಿಸಿದರೆ ಕಣ್ಣೆದುರೇ ಬಿಳಿ ಮೇಣ ಕರಗಿ, ಒಳಗಿನ ಮೈ ಕಿತ್ತಳೆಗಂದು ಬಣ್ಣಕ್ಕೆ ತಿರುಗುತ್ತದೆ. ಈ ಕೆಲಸದಲ್ಲಿ ಒಂದು ದುಷ್ಟ ಸುಖವಿದೆ ಎಂದು ಒಪ್ಪಿಕೊಳ್ಳಬೇಕು. ರಾತ್ರಿ ಊಟವಾದ ಮೇಲೆ ಟಾರ್ಚ್ ಹಿಡಿದು ಕೂತರೆ ಹನ್ನೊಂದು ಗಂಟೆಯಾಗುತ್ತಿತ್ತು. ಸಾಲದೆಂದು ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನ ಎಣ್ಣೆ, ಕೆಲವು ಹನಿ ಪಾತ್ರೆ ತೊಳೆಯುವ ಸೋಪು ಸೇರಿಸಿ, ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಎಲ್ಲ ಕುಂಡಗಳಿಗೂ ಸಿಂಪಡಿಸಿದೆ. ಎಣ್ಣೆ ಹಚ್ಚಿ ಬಿಸಿಲಿಗಿಟ್ಟರೆ ಏನಾಗುತ್ತದೆ ಎಂದು ಹಪ್ಪಳ ಸಂಡಿಗೆ ಮಾಡುವ ಮನೆಯವಳಿಗೆ ಹೊಳೆಯಬೇಕಿತ್ತು. ನಾಲ್ಕು ಗಿಡಗಳ ಎಲೆ ಬೆಂದವು. ಉಳಿದವುಗಳ ಬೂದಿಯೂ ಹೋಯಿತು. ಎಣ್ಣೆಗೂ ಸ್ಪಿರಿಟ್ಟಿಗೂ ಗಿಡದ ಮೇಣ ಯಾವುದು, ತಿಗಣೆಯ ಮೇಣ ಯಾವುದು ಎಂಬ ಭೇದವಿಲ್ಲ. ಈಗ ಸಿಂಪಡಿಸಲೇಬೇಕಾದರೆ ಸೂರ್ಯ ಮುಳುಗಿದ ಮೇಲೆ ಸಿಂಪಡಿಸುತ್ತೇನೆ, ಅದೂ ಬೂದಿ ಇಲ್ಲದ ಜಾತಿಗಳಿಗೆ ಮಾತ್ರ.

ತಿಗಣೆ ಹೋಯಿತು. ಹನ್ನೆರಡು ದಿನಕ್ಕೆ ಮತ್ತೆ ಬಂತು. ಮತ್ತೆ ಕೊಂದೆ, ಮತ್ತೆ ಬಂತು. ಒಂದು ಹೆಣ್ಣು ತನ್ನ ಹತ್ತಿಚೀಲದಲ್ಲಿ ನೂರಾರು ಮೊಟ್ಟೆ ಇಡುತ್ತದೆ, ಮೇಣ ಹೊದ್ದ ಆ ಚೀಲದೊಳಕ್ಕೆ ಮೇಲಿನ ಸಿಂಪಡಣೆ ಸುಲಭವಾಗಿ ಇಳಿಯುವುದಿಲ್ಲ. ಹೊರಬಂದ ಮರಿಗಳು ಧೂಳಿನ ಕಣದಷ್ಟಿದ್ದು, ಮೇಣ ಕಟ್ಟುವ ಮೊದಲು ಚುರುಕಾಗಿ ಓಡಾಡಿ ಪಕ್ಕದ ಕುಂಡಕ್ಕೂ ದಾಟುತ್ತವೆ. ಆದ್ದರಿಂದ ಒಂದು ದಿನದ ಶೌರ್ಯದಿಂದ ಪ್ರಯೋಜನವಿಲ್ಲ. ವಾರಕ್ಕೊಮ್ಮೆ, ಬಿಡದೆ ನಾಲ್ಕೈದು ವಾರ ಮಾಡಬೇಕು. ಅದನ್ನೂ ಮಾಡಿದೆ. ಜೇಡ್ ಸುಧಾರಿಸಿತು. ಆದರೆ ಒಂದು ಹುಳವೂ ಕಾಣದ ಮೂರು ಹವೊರ್ಥಿಯಾಗಳು, ಅವೂ ದಪ್ಪೆಲೆಯ ಪುಟ್ಟ ಗಿಡಗಳೇ, ದಿನದಿನಕ್ಕೆ ಒಳಕ್ಕೆ ಮುದುಡಿಕೊಳ್ಳುತ್ತಿದ್ದವು. ನೀರು ಹಾಕಿದರೂ ಸುಕ್ಕು, ಬಿಟ್ಟರೂ ಸುಕ್ಕು.

ಮೇ ತಿಂಗಳಲ್ಲಿ ಆಲ್ದೂರಿನ ಹತ್ತಿರ ತೋಟ ಮಾಡಿಕೊಂಡಿರುವ ಸೋದರಮಾವನ ಮನೆಗೆ ಹೋದಾಗ ಈ ಗೋಳನ್ನು ತೋಡಿಕೊಂಡೆ. ಮಾವ ಕಾಫಿ ಲೋಟ ಕೆಳಗಿಟ್ಟು ಕೇಳಿದ್ದು ಒಂದೇ ಪ್ರಶ್ನೆ: “ಇರುವೆ ಇದೆಯಾ?”

“ಇದೆ ಮಾವ, ಆದರೆ ಅದು ಗಿಡವನ್ನೇನೂ ತಿನ್ನುತ್ತಿಲ್ಲ.”

“ಗಿಡ ಯಾಕೆ ತಿನ್ನುತ್ತದೆ ಮಗಳೇ? ಅದು ಹಸು ಸಾಕಿಕೊಂಡಿದೆ. ನೀನು ಹಸು ಹೊಡೆಯುತ್ತಿದ್ದೀಯ, ಅದು ಹೊಸದನ್ನು ತಂದು ಕಟ್ಟುತ್ತಿದೆ.”

ತಿಗಣೆ ರಸ ಹೀರಿ ಹಿಂದಿನಿಂದ ಬಿಡುವ ಸಿಹಿ ಅಂಟಿಗಾಗಿ ಇರುವೆ ಅದನ್ನು ಕಾಯುತ್ತದೆ, ಅದನ್ನು ತಿನ್ನಲು ಬರುವ ಹುಳಗಳನ್ನು ಓಡಿಸುತ್ತದೆ, ಹೊತ್ತುಕೊಂಡು ಹೋಗಿ ಹೊಸ ಗಿಡಕ್ಕೂ ಬಿಡುತ್ತದೆ. ತೋಟದಲ್ಲಿ ಚಗಳಿ ಎಂಬ ಕೆಂಪಿರುವೆಯೂ ಇದೇ ಕೆಲಸ ಮಾಡುತ್ತದೆಯಂತೆ. ಚಗಳಿ ಚಟ್ನಿಯನ್ನು ಮೆಚ್ಚಿ ತಿನ್ನುವ ನನಗೆ ಅದರ ಈ ಕಸುಬು ಗೊತ್ತಿರಲಿಲ್ಲ.

ಮಾವ ನನ್ನನ್ನು ರೊಬಸ್ಟಾ ಕಾಫಿ ಗಿಡಗಳ ನಡುವೆ ಕರೆದುಕೊಂಡು ಹೋಗಿ, ಹೂ ಕಾಯಾಗುತ್ತಿದ್ದ ಗೆಣ್ಣೊಂದನ್ನು ಬಗ್ಗಿಸಿ ತೋರಿಸಿದರು. ತಿಗಣೆಗಳ ಗುಂಪಿನ ನಡುವೆ ಒಂದು ದೊಡ್ಡ ತಿಗಣೆ, ಮೈತುಂಬ ಉದ್ದುದ್ದ ಬಿಳಿ ಎಳೆ, ಕುರಿಯ ಹಾಗೆ. ಕೊಲ್ಲಲು ಕೈ ಹಾಕಿದೆ. ಮಾವ ಮಣಿಕಟ್ಟು ಹಿಡಿದರು. “ಅದು ನಮ್ಮವನು.” ಅದು ತಿಗಣೆಯನ್ನು ತಿನ್ನುವ ಗುಲಗಂಜಿ ಹುಳದ ಮರಿ. ದೊಡ್ಡದಾದರೆ ಕಪ್ಪು ಬೆನ್ನು, ಕಿತ್ತಳೆ ತಲೆಯ ಪುಟ್ಟ ದುಂಬಿ. ಮರಿಯಾಗಿದ್ದಾಗ ಮಾತ್ರ ಬೇಟೆಯದೇ ವೇಷ. ಕ್ರಿಪ್ಟೊಲೀಮಸ್ ಎಂದು ಅದರ ಹೆಸರು. 1898ರಲ್ಲಿ ಕಾಫಿಗೆ ಹತ್ತಿದ ಹಸಿರು ಶಲ್ಕ ಕೀಟವನ್ನು ತಿನ್ನಲೆಂದು ಆಸ್ಟ್ರೇಲಿಯಾದಿಂದ ಇಲ್ಲಿಗೆ ತರಿಸಿದರು. ಕರೆಸಿದ್ದು ಒಂದು ಊಟಕ್ಕೆ, ಅದು ರುಚಿ ಕಂಡದ್ದು ಹಿಟ್ಟು ತಿಗಣೆಯಲ್ಲಿ. ಗುರುತು ಹಿಡಿಯುವುದು ಕಷ್ಟವಲ್ಲ: ತಿಗಣೆಗಿಂತ ಇದು ಬಹಳ ದೊಡ್ಡದು, ಮುಟ್ಟಿದರೆ ಸರಸರ ಓಡುತ್ತದೆ. ಹಿಂದಿನ ವಾರ ನನ್ನ ಜೇಡ್ ಗಿಡದಲ್ಲಿ ಇಂಥದೇ ಎರಡು ‘ತಾಯಿ ತಿಗಣೆ’ಗಳನ್ನು ಚಿಮುಟದಲ್ಲಿ ಹಿಸುಕಿ, ದೊಡ್ಡವು ಸಿಕ್ಕವೆಂದು ಗಂಡನಿಗೆ ಕರೆದು ತೋರಿಸಿದ್ದೆ. ಮಾವನಿಗೆ ಅದನ್ನು ಹೇಳಲಿಲ್ಲ.

ಕೀಟಕ್ಕೆ ಕೀಟ ತರಿಸುವುದು ನಮ್ಮ ಸೀಮೆಗೆ ಹೊಸದಲ್ಲ. ಕಡೂರಿನ ಬಯಲಿನಲ್ಲಿ ಬೇಲಿಗೆ ಕಾಣುವ ಪಾಪಾಸುಕಳ್ಳಿ ಒಂದು ಕಾಲಕ್ಕೆ ದಕ್ಷಿಣ ಭಾರತದ ಹೊಲಗಳನ್ನೇ ನುಂಗುತ್ತಿತ್ತು. 1926ರಲ್ಲಿ ಶ್ರೀಲಂಕಾದಿಂದ ತಂದು ಬಿಟ್ಟ ಒಂದು ಕೊಚಿನೀಲ್ ಕೀಟ ಅದನ್ನು ಹಿಡಿತಕ್ಕೆ ತಂದಿತು. ಅದೂ ಬಿಳಿ ಹತ್ತಿ ಹೊದ್ದು ಕಳ್ಳಿಯ ರಸ ಹೀರುವ, ಹಿಟ್ಟು ತಿಗಣೆಯ ದಾಯಾದಿಯೇ. ಹೊಲದವರಿಗೆ ವರವಾದ ಮನೆತನ ನನ್ನ ಬಾಲ್ಕನಿಯಲ್ಲಿ ಶಾಪವಾಗಿತ್ತು.

ಹೊರಡುವ ಮುನ್ನ ಹವೊರ್ಥಿಯಾದ ಮಾತು ಬಂತು. ಮಾವ ಬಾಡಿ ನಿಂತಿದ್ದ ಒಂದು ಎಳೆಯ ಕಾಫಿ ಗಿಡವನ್ನು ಕಿತ್ತು, ಮಣ್ಣು ಕೊಡವಿ ಮುಂದೆ ಹಿಡಿದರು. ಬೇರಿಗೆ ಮೈದಾ ಮೆತ್ತಿದ ಹಾಗಿತ್ತು. ಬೇರಿನಲ್ಲಿರುವ ತಿಗಣೆ. “ಮೇಲೆ ಏನೂ ಸಿಗದಿದ್ದರೆ ಬುಡ ಬಿಡಿಸಿ ನೋಡು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದವರನ್ನು ಕೇಳಿದರೂ ಮೊದಲು ಇದನ್ನೇ ಹೇಳುತ್ತಾರೆ” ಎಂದರು. 1925ರಿಂದ ಕಾಫಿಯ ಕಾಯಿಲೆಗಳನ್ನು ನೋಡುತ್ತ ಬಂದಿರುವ ಕೇಂದ್ರ ಅದು. ನನ್ನ ಅಂಗೈ ಅಗಲದ ಗಿಡಗಳಿಗೆ ಅವರನ್ನು ಕೇಳುವಷ್ಟು ಧೈರ್ಯ ನನಗೆ ಬರಲಿಲ್ಲ.

ಆ ರಾತ್ರಿ ಮನೆಗೆ ಬಂದವಳು ಸೀರೆಯನ್ನೂ ಬದಲಿಸದೆ ಹವೊರ್ಥಿಯಾದ ಕುಂಡವನ್ನು ಮಗುಚಿದೆ. ಮಣ್ಣಿನ ಹೆಂಟೆ ಕುಂಡದ ಆಕಾರದಲ್ಲೇ ಹೊರಬಂತು. ಹೊರಮೈಯಲ್ಲೂ ಕುಂಡದ ಒಳಗೋಡೆಯಲ್ಲೂ ನೀಲಿ ಛಾಯೆಯ ಬಿಳಿ ಮಚ್ಚೆಗಳು. ಇಲ್ಲೊಂದು ಗೊಂದಲವಾಗುತ್ತದೆ: ನರ್ಸರಿಯ ಮಿಶ್ರಣದಲ್ಲಿರುವ ಪರ್ಲೈಟ್ ಹರಳುಗಳೂ ಬಿಳಿ, ತೆಂಗಿನ ನಾರಿನ ಪುಡಿಯಲ್ಲಿ ಬೆಳೆಯುವ ನಿರುಪದ್ರವಿ ಬೂಷ್ಟೂ ಬಿಳಿ. ಪರ್ಲೈಟ್ ಉಗುರಿಗೆ ಗಟ್ಟಿಯಾಗಿ ಸಿಕ್ಕಿ ಪುಡಿಯಾಗುತ್ತದೆ. ಬೂಷ್ಟು ಜೇಡರ ಬಲೆಯಂತೆ ಎಳೆ ಎಳೆಯಾಗಿರುತ್ತದೆ. ಇದು ಎರಡೂ ಅಲ್ಲ. ಒಂದು ಹನಿ ಸ್ಪಿರಿಟ್ ಬಿಟ್ಟೆ. ಬಿಳಿ ಕರಗಿ, ಅಕ್ಕಿನುಚ್ಚಿನಂತಹ ಉದ್ದನೆಯ ಪುಟ್ಟ ಮೈಗಳು ಉಳಿದವು, ಮೆಲ್ಲಗೆ ಅಲುಗಾಡುತ್ತ. ಎರಡು ತಿಂಗಳು ನಾನು ಎಲೆಗೆ ಮದ್ದು ಮಾಡುತ್ತಿದ್ದೆ, ಕಾಯಿಲೆ ಕೆಳಗೆ ಆರಾಮವಾಗಿ ಸಂಸಾರ ನಡೆಸುತ್ತಿತ್ತು.

ಇಪ್ಪತ್ತಾರೂ ಕುಂಡಗಳನ್ನು ಬಿಡಿಸಿದೆ. ಹನ್ನೊಂದರಲ್ಲಿ ಇತ್ತು. ಮಣ್ಣನ್ನೆಲ್ಲ ಚೀಲಕ್ಕೆ ಕಟ್ಟಿ ಕಸದ ಗಾಡಿಗೆ ಕೊಟ್ಟೆ, ಕೆಳಗಿನ ಮನೆಯವರ ಹೂವಿನ ಪಾತಿಗೆ ಸುರಿಯಲಿಲ್ಲ. ಬೇರುಗಳನ್ನು ನಲ್ಲಿಯ ಕೆಳಗೆ ತೊಳೆದು, ಟೊಳ್ಳಾದವನ್ನು ಕತ್ತರಿಸಿ, ಉಳಿದದ್ದನ್ನು ಸೋಪು ನೀರಿನಲ್ಲಿ ಅದ್ದಿ ಮತ್ತೆ ತೊಳೆದೆ. ಕುಂಡಗಳನ್ನು ಕುದಿಯುವ ನೀರಿನಲ್ಲಿ ತಿಕ್ಕಿದೆ. ಗಿಡಗಳು ಐದು ದಿನ ನೆರಳಿನಲ್ಲಿ, ಹಳೆಯ ಪತ್ರಿಕೆಯ ಮೇಲೆ ಬರಿಬೇರಿನಲ್ಲಿ ಮಲಗಿದ್ದವು. ಅತ್ತೆ ಆ ಕಡೆ ಬಂದಾಗಲೆಲ್ಲ “ಪಾಪ, ಒಂದು ಲೋಟ ನೀರಾದರೂ ಚಿಮುಕಿಸು” ಎನ್ನುತ್ತಿದ್ದರು. ಆಮೇಲೆ ದಪ್ಪ ಮರಳು, ಇಟ್ಟಿಗೆ ಚೂರು, ಸ್ವಲ್ಪವೇ ಗೊಬ್ಬರ ಹಾಕಿ ಹೊಸದಾಗಿ ನೆಟ್ಟೆ, ಮತ್ತೆ ಒಂದು ವಾರ ನೀರಿಲ್ಲ.

ಗೊಬ್ಬರದ ಅಂಗಡಿಯವರು ಬೇರಿನಿಂದ ಮೇಲೇರುವ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಕೊಡಲು ಮುಂದಾದರು. ಅದು ಕೆಲಸ ಮಾಡುತ್ತದೆ, ಅನುಮಾನವಿಲ್ಲ. ಆದರೆ ಅದು ಹೂವಿನ ಮಕರಂದಕ್ಕೂ ಇಳಿಯುತ್ತದೆ. ಕಾಫಿ ಹೂ ಬಿಡುವ ಊರಿನಲ್ಲಿ ಜೇನಿಗೆ ವಿಷ ಬಡಿಸುವ ಮನಸ್ಸಾಗಲಿಲ್ಲ. ಇನ್ನೊಂದು ಕಾರಣ ಅಷ್ಟು ಉದಾತ್ತವಲ್ಲ: ಅತ್ತೆ ಪ್ರತಿ ಶನಿವಾರ ತಲೆಗೆ ಹಚ್ಚಿಕೊಳ್ಳುವ ಲೋಳೆಸರ ಅದೇ ಸ್ಟ್ಯಾಂಡಿನಲ್ಲಿದೆ. ಇರುವೆಗಳಿಗೆ ಸ್ಟ್ಯಾಂಡಿನ ನಾಲ್ಕು ಕಾಲುಗಳನ್ನೂ ನೀರು ತುಂಬಿದ ಬಟ್ಟಲಿನಲ್ಲಿ ಇಟ್ಟೆ, ಅಜ್ಜಿ ಬೆಣ್ಣೆಯ ಗಡಿಗೆಗೆ ಮಾಡುತ್ತಿದ್ದ ಹಾಗೆ. ಗೋಡೆಗೆ ತಾಗದಂತೆ ಒಂದು ಗೇಣು ಮುಂದೆ ಎಳೆದೆ. ಜೂನ್ ಹೊತ್ತಿಗೆ ತಿಗಣೆ ಕಾಣಿಸದಾಯಿತು.

ಜೂನ್‌ನಲ್ಲಿ ಮಳೆ ಹಿಡಿಯಿತು.

ಈ ಸಲ ಹುಳವಿಲ್ಲ, ಇರುವೆಯಿಲ್ಲ. ಒಂದು ಬೆಳಗ್ಗೆ ಬೂದಿ ಒರೆಸಿದ್ದ ಅದೇ ಎಚೆವೇರಿಯಾವನ್ನು ಮುಟ್ಟಿದೆ. ಕೆಳಗಿನ ಮೂರು ಎಲೆಗಳು ನೆನೆಸಿದ ಸಾಬೂದಾನಿಯ ಹಾಗೆ ಪಾರದರ್ಶಕವಾಗಿ, ತಾವಾಗಿ ಕೈಗೆ ಬಂದವು. ಮುಪ್ಪಿನ ಎಲೆ ಹೀಗೆ ಬೀಳುವುದಿಲ್ಲ. ಅದು ಕಾಗದದಂತೆ ಒಣಗಿ ಬುಡಕ್ಕೇ ಅಂಟಿಕೊಂಡಿರುತ್ತದೆ. ಬಾಯಾರಿದ ಎಲೆ ಸುಕ್ಕಾಗುತ್ತದೆ, ಆದರೆ ಬಣ್ಣ ಬಿಡುವುದಿಲ್ಲ. ನೀರು ಹೆಚ್ಚಾದ ಎಲೆಯೇ ಹೀಗೆ ಹಳದಿಯಾಗಿ, ಲೋಳೆಯಾಗಿ, ಮುಟ್ಟಿದರೆ ಕಳಚಿಕೊಳ್ಳುವುದು. ಕಾಂಡದ ಬುಡ ಕಪ್ಪಾಗಿತ್ತು.

ವಿಷಯ ಕೇಳಿ ಮಾವ ಸುಮ್ಮನಿರಲಿಲ್ಲ, ತೋಟಕ್ಕೆ ಕಲಸಿದ್ದ ಬೋರ್ಡೋ ದ್ರಾವಣವನ್ನು ಬಾಟಲಿಯಲ್ಲಿ ತುಂಬಿ ಕಳಿಸಿದರು. ಮೈಲುತುತ್ತ, ಸುಣ್ಣ, ನೀರು. ಮಲೆನಾಡಿನ ಅರ್ಧ ಮಳೆಗಾಲ ಈ ನೀಲಿ ಬಣ್ಣದಲ್ಲೇ ಕಳೆಯುತ್ತದೆ. ‘ಕೊಳೆರೋಗ’ ಎಂಬ ನಮ್ಮ ಮಾತೇ ಕಾಫಿಗೆ ಬರುವ ಆ ಶಿಲೀಂಧ್ರದ ವೈಜ್ಞಾನಿಕ ಹೆಸರಿನೊಳಗೆ ಸೇರಿಕೊಂಡಿದೆ ಎಂದರೆ ಇಲ್ಲಿ ಅದರ ಕಾಟ ಎಷ್ಟಿರಬೇಕು! ಸಿಂಪಡಿಸಿದೆ. ಎಲೆಗಳ ಮೇಲೆ ತಿಳಿನೀಲಿ ಚುಕ್ಕೆ ಬಂತು, ಕೊಳೆತ ಮಾತ್ರ ನಿಲ್ಲಲಿಲ್ಲ. ಬೋರ್ಡೋ ಬರುವ ರೋಗಕ್ಕೆ ಬಾಗಿಲು ಹಾಕುತ್ತದೆ, ಒಳಗೆ ಬಂದು ಕೂತವನನ್ನು ಎಬ್ಬಿಸುವುದಿಲ್ಲ.

ಕೊನೆಗೆ ಬ್ಲೇಡು ಹಿಡಿದೆ. ಕಾಂಡವನ್ನು ಕಪ್ಪಿಗಿಂತ ಮೇಲೆ ಅಡ್ಡಕ್ಕೆ ಕತ್ತರಿಸಿ ನೋಡಿದರೆ ನಡುವಿನಲ್ಲಿ ಕಂದು ಉಂಗುರ. ಬ್ಲೇಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಇನ್ನೊಂದು ಹೋಳು. ಇನ್ನೂ ಕಂದು, ಈಗ ಚುಕ್ಕೆಯಷ್ಟು. ಒರೆಸದೆ ಕತ್ತರಿಸಿದರೆ ರೋಗವನ್ನು ಬ್ಲೇಡೇ ಮೇಲಕ್ಕೆ ಹೊತ್ತೊಯ್ಯುತ್ತದೆ, ಆದ್ದರಿಂದ ಪ್ರತಿ ಹೋಳಿಗೂ ಒರೆಸಬೇಕು. ಆರನೆಯ ಹೋಳಿಗೆ ಸೌತೆಕಾಯಿಯಂತೆ ತಿಳಿಹಸಿರು ಬಂತು. ಉಳಿದದ್ದು ಅರ್ಧ ಇಂಚು ಕಾಂಡ, ಮೇಲೆ ಹೂವಿನ ಹಾಗೆ ಹದಿನಾಲ್ಕು ಎಲೆ.

ಇನ್ನು ಗಾಯ ಒಣಗಬೇಕು. ಜುಲೈ ತಿಂಗಳ ಚಿಕ್ಕಮಗಳೂರಿನಲ್ಲಿ ಏನು ಒಣಗುತ್ತದೆ? ಒಗೆದ ಬಟ್ಟೆ ನಾಲ್ಕು ದಿನಕ್ಕೆ ಮುಗ್ಗುಲು ವಾಸನೆ ಬರುತ್ತದೆ, ಉಪ್ಪು ನೀರಾಗುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಕೊಪ್ಪದ ಮನೆಯಾಗಿದ್ದರೆ ಬಚ್ಚಲ ಒಲೆಯ ಮೇಲಿನ ಅಟ್ಟವಿತ್ತು. ಅತ್ತೆಯೇ ದಾರಿ ತೋರಿಸಿದರು: “ಟಿವಿ ಪೆಟ್ಟಿಗೆ ಬೆಚ್ಚಗಿರುತ್ತದಲ್ಲ, ಅದರ ಮೇಲೆ ಇಡು.” ಸೆಟ್‌ಟಾಪ್ ಬಾಕ್ಸ್ ಮೇಲೆ ಒಂದು ತಟ್ಟೆ, ತಟ್ಟೆಯಲ್ಲಿ ಎಚೆವೇರಿಯಾ. ಅವರ ಸಂಜೆಯ ಧಾರಾವಾಹಿಗಳು ಎಂದಿಗಿಂತ ಒಂದು ಗಂಟೆ ಹೆಚ್ಚು ನಡೆದವು, ಗಿಡದ ಹೆಸರಿನಲ್ಲಿ. ಒಂಬತ್ತನೆಯ ದಿನಕ್ಕೆ ಕತ್ತರಿಸಿದ ಜಾಗ ಗಟ್ಟಿಯಾಗಿ ಚರ್ಮ ಕಟ್ಟಿತು. ಮೂರು ವಾರಕ್ಕೆ ಗುಲಾಬಿ ಬಣ್ಣದ ಎರಡು ಬೇರುಗಳು, ನೂಲಿನಷ್ಟು ತೆಳು. ಆಗ ಒಣಮರಳಿನ ಮೇಲೆ ಕೂರಿಸಿದೆ.

ಆ ಮಳೆಗಾಲದಲ್ಲಿ ಒಟ್ಟು ಏಳು ಗಿಡ ಹೋದವು. ಈ ವರ್ಷ ಮೇ ಕೊನೆಗೇ ಎಲ್ಲವನ್ನೂ ಒಳಗಿನ ಕಿಟಕಿಗೆ ಸಾಗಿಸಿದೆ, ಜೂನ್‌ನಿಂದ ಆಗಸ್ಟ್‌ವರೆಗೆ ನೀರು ಹಾಕಿದ್ದು ಎರಡೇ ಸಲ. ಹೋದದ್ದು ಒಂದು. ಹೂದಂಡಿಗೆ ಒಮ್ಮೆ ಗಿಡಹೇನು ಬಂತು. ದಂಡನ್ನೇ ಕತ್ತರಿಸಿ ಬಿಸಾಡಿದೆ, ಅಲ್ಲಿಗೆ ಮುಗಿಯಿತು. ಯಾರಾದರೂ ಹೊಸ ಗಿಡ ಕೊಟ್ಟರೆ ಅದು ಒಂದು ತಿಂಗಳು ಬಚ್ಚಲುಮನೆಯ ಕಿಟಕಿಯಲ್ಲಿ ಒಂಟಿಯಾಗಿರಬೇಕು, ಕೊಟ್ಟವರು ಎಷ್ಟೇ ಹತ್ತಿರದ ನೆಂಟರಾಗಿರಲಿ.

ಮೊನ್ನೆ ಭಾನುವಾರ ಅತ್ತೆ ಬಾಲ್ಕನಿಯಿಂದ ಕೂಗಿದರು: “ಬೇಗ ಬಾ, ನಿನ್ನ ದನಗಾಹಿಗಳು ಬಂದಿದ್ದಾರೆ.” ಲೋಳೆಸರದ ಕುಂಡದ ಅಂಚಿನಲ್ಲಿ ಕಪ್ಪು ಇರುವೆಗಳ ಸಾಲು. ಬಟ್ಟಲಿನ ನೀರು ಆರಿಹೋಗಿತ್ತು. ಭೂತಗನ್ನಡಿ ಸಿಕ್ಕಿಸಿಕೊಂಡು ಮೊಣಕಾಲೂರಿ ನೋಡಿದೆ: ಎಲ್ಲದರ ಬಾಯಲ್ಲೂ ಕಂದು ಪುಡಿ. ಅತ್ತೆ ಬೆಳಗ್ಗೆ ಅಲ್ಲೇ ಕೂತು ಕಾಫಿಗೆ ಅದ್ದಿ ತಿಂದ ಬಿಸ್ಕತ್ತಿನ ಚೂರು. ಆದರೂ ಕುಂಡ ಮಗುಚಿ, ಮಣ್ಣು ಕೊಡವಿ ಬೇರು ನೋಡಿದೆ. ಏನೂ ಇರಲಿಲ್ಲ. ಅತ್ತೆ ಪಕ್ಕದಲ್ಲೇ ನಿಂತು, “ಆ ಕಡೆಯ ಬೇರನ್ನೂ ನೋಡು” ಎಂದರು.